ಕೃಷ್ಣಮ್ಮನ ಮಾತ್ರೆ, ಪಿಳ್ಳಪ್ಪನ ಪಥ್ಯ

ಕೆಂಪಾಪುರದ ಕೃಷ್ಣಮ್ಮ ಕಪ್ಪಾಗತೊಡಗಿದಾಗ ಎಲ್ಲರೂ ಬಿಸಿಲು ಅಂದರು. ಬಾಡಿಗೆ ಮನೆಗಳ ನೆರಳಲ್ಲಿ ಎರಡು ಹಸು ಕಟ್ಟಿಕೊಂಡು ಹಾಲು ಕರೆಯುವವಳಿಗೆ ಅದ್ಯಾವ ಬಿಸಿಲು ಎಂದು ಯಾರೂ ಕೇಳಲಿಲ್ಲ. ಅಂಗೈ ಗೆರೆಗಳೂ ಕಪ್ಪಾದವು. ಎದ್ದರೆ ತಲೆ ಸುತ್ತುತ್ತಿತ್ತು. ಅಡುಗೆಮನೆಯಲ್ಲಿ ನಿಂತು ಕಲ್ಲುಪ್ಪು ನೆಕ್ಕುತ್ತಿದ್ದಳು. ಐವತ್ತೆರಡಕ್ಕೆ ಬಯಕೆಯೇ ಎಂದು ಓರಗಿತ್ತಿಯರು ನಕ್ಕರು.

ಕೊನೆಗೆ ಡಾಕ್ಟರು ರಕ್ತಪರೀಕ್ಷೆ ನೋಡಿ ಹೇಳಿದರು: "ಕಿಡ್ನಿಗಳ ಮೇಲೆ ಎರಡು ಪುಟ್ಟ ಗ್ರಂಥಿ ಇರ್ತವಮ್ಮ. ನಿಮ್ಮವು ಕೆಲಸ ಬಿಟ್ಟು ಕೂತಿವೆ. ಮೈ ಕಪ್ಪಾಗೋದು, ಉಪ್ಪು ಬೇಕನ್ಸೋದು ಎಲ್ಲ ಅದಕ್ಕೇ. ಅವು ಮಾಡ್ಬೇಕಾದ ಹಾರ್ಮೋನನ್ನ ಈ ಮಾತ್ರೆ ಕೊಡುತ್ತೆ. ಜೀವ ಇರೋವರ್ಗೂ ಒಂದು ಹೊತ್ತೂ ಬಿಡೋ ಹಾಗಿಲ್ಲ. ಜ್ವರ ಬಂದ್ರೆ ಎರಡರಷ್ಟು. ವಾಂತಿ ಆದ್ರೆ ಇಂಜೆಕ್ಷನ್ ಹಾಕ್ಕೊಂಡು ಓಡಿ ಬನ್ನಿ."

ಇಂಜೆಕ್ಷನ್ ಚುಚ್ಚುವುದನ್ನು ಮಗಳು ಶಾಂತಲಾ ಕಲಿತಳು. ಗ್ರಂಥಿಗಳ ಮೇಲೆ ಕೃಷ್ಣಮ್ಮನಿಗೆ ಸಿಟ್ಟೇನೂ ಬರಲಿಲ್ಲ. ಕೆಲಸ ಬಿಟ್ಟು ಕೂತ ಗಂಡನೊಬ್ಬ ಮನೆಯಲ್ಲಿ ಆಗಲೇ ಇದ್ದ. ಎರಡು ವರ್ಷ ಹೀಗೇ ನಡೆಯಿತು: ಬೆಳಗೆದ್ದರೆ ಮೊದಲು ಮಾತ್ರೆ, ಆಮೇಲೆ ಹಸು. ಚೆನ್ನಾಗಿಯೇ ಇದ್ದಳು.

ಈ ಆಷಾಢದಲ್ಲಿ ವಾಂತಿ ಹಿಡಿಯಿತು. ಗಂಡ ಪಿಳ್ಳಪ್ಪ ಅವಳ ರೆಪ್ಪೆ ಬಿಡಿಸಿ ನೋಡಿ, "ಕಾಮಾಲೆ ಕಣೆ," ಎಂದು ತೀರ್ಮಾನಿಸಿದ. ಶೆಟ್ಟಿಹಳ್ಳಿಯಿಂದ ಸೊಪ್ಪಿನ ರಸ ತಂದ.

"ಮೂರು ದಿನ ಪಥ್ಯ. ಉಪ್ಪು ಮುಟ್ಟಂಗಿಲ್ಲ. ಇಂಗ್ಲಿಷ್ ಮಾತ್ರೆ ನುಂಗಿದ್ರೆ ನಾಟಿ ಔಷಧಿ ಕೆಡ್ತದೆ."

"ಬಿಡಬ್ಯಾಡಿ ಅಂದವ್ರೆ ಡಾಕ್ಟ್ರು."

"ಮೂರು ದಿನಕ್ಕೆ ಏನಾಯ್ತದೆ? ಇಂಗೆ ಅಟ ಮಾಡಬ್ಯಾಡ."

ಮಾತ್ರೆಗಳನ್ನು ಜೇಬಿಗೆ ಹಾಕಿಕೊಂಡ. ಜಗಳಕ್ಕೆ ಅವಳಲ್ಲಿ ತ್ರಾಣವಿರಲಿಲ್ಲ.

ಮರುದಿನ ಹಾಲು ಕರೆಯುವ ಹೊತ್ತಿಗೆ ಅವಳು ಏಳಲಿಲ್ಲ. ಸುದ್ದಿ ತಿಳಿದು ಯಲಹಂಕದ ಗಂಡನ ಮನೆಯಿಂದ ಓಡಿಬಂದ ಶಾಂತಲಾ ಅಮ್ಮನ ತೊಡೆಗೆ ಇಂಜೆಕ್ಷನ್ ಚುಚ್ಚಿ ಆಟೋಗೆ ಹತ್ತಿಸಿದಳು.

ಆಸ್ಪತ್ರೆಯಲ್ಲಿ ಕೃಷ್ಣಮ್ಮ ಕಣ್ಣು ಬಿಟ್ಟಾಗ ಡಾಕ್ಟರು ಕೇಳುತ್ತಿದ್ದರು: "ಮಾತ್ರೆ ಯಾಕಮ್ಮ ನಿಲ್ಲಿಸಿದ್ರಿ? ಇನ್ನೊಂದು ಗಂಟೆ ಹೋಗಿದ್ರೆ ನೀವು ಉಳೀತಿರ್ಲಿಲ್ಲ."

"ಮರ್ತೋದೆ ಸಾರ್," ಎಂದಳು. ಊರಿಗೆಲ್ಲ ಬುದ್ಧಿ ಹೇಳುವ ಗಂಡಸು ಮಗನ ವಯಸ್ಸಿನ ಡಾಕ್ಟರ ಮುಂದೆ ತಲೆ ತಗ್ಗಿಸುವುದು ಅವಳಿಗೆ ಬೇಡವಾಗಿತ್ತು.

ಪಿಳ್ಳಪ್ಪ ಗೋಡೆ ನೋಡುತ್ತ ನಿಂತಿದ್ದ. ಮದುವೆಯಾಗಿ ಮೂವತ್ತೆರಡು ವರ್ಷ. ತಪ್ಪಾಯಿತು ಎಂಬ ಮಾತು ಅವನ ಬಾಯಲ್ಲಿ ಬಂದಿದ್ದಿಲ್ಲ. ಅವನು ಎಡವಿದರೆ ಹೊಸಿಲಿನ ತಪ್ಪು.

"ಅವ್ಳು ಮರೆಯೋಳಲ್ಲ ಸಾರ್," ಎಂದ. "ನಾನೇ ಕಿತ್ಕೊಂಡಿದ್ದು. ಇವ್ಳನ್ನ ನಾನೇ ಸಾಯಿಸ್ತಿದ್ದೆ."

ವಾರ್ಡಿನ ಅಷ್ಟು ಜನರ ಮುಂದೆ ಅತ್ತ. ಈ ಮಾತು ಕೇಳುವುದಕ್ಕಾದರೂ ಬದುಕಿದ್ದು ಒಳ್ಳೆಯದಾಯಿತು ಎಂದುಕೊಂಡಳು ಕೃಷ್ಣಮ್ಮ.