ಉಪ್ಪಿಗೆ ಒಂದು ಗಂಟು

ಹಳೆಯ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದರೆ ತುಕ್ಕಿನ ಜೊತೆ ಇನ್ನೂ ಗುರೆಳ್ಳಿನ ವಾಸನೆ ಬರುತ್ತದೆ. ವಿದ್ಯಾಗಿರಿಯ ನಮ್ಮ ಬಾಡಿಗೆ ಮನೆಯ ಅಡುಗೆಮನೆ ಎಷ್ಟು ಸಣ್ಣದೆಂದರೆ, ರೊಟ್ಟಿ ಬಡಿಯಲು ಕೂತರೆ ಬಾಗಿಲು ಹಾಕಲು ಬರುವುದಿಲ್ಲ. ಹಬ್ಬ ಹತ್ತಿರ ಬಂತೆಂದು ಮೊನ್ನೆ ಅದನ್ನು ಚೊಕ್ಕ ಮಾಡಲು ಕೂತೆ. ಹೊಸದೇನೂ ತರಲಿಲ್ಲ. ಉಪ್ಪಿನಕಾಯಿಯ ಖಾಲಿ ಬಾಟಲಿಗಳಿಗೆ ಬೇಳೆಕಾಳು ತುಂಬಿದೆ, ಹರಿದ ಸೀರೆಯ ಅಂಚನ್ನು ಎರಡು ಮೊಳೆಗೆ ಬಿಗಿದು ಸೌಟು ತೂಗುಹಾಕಿದೆ, ಹಿಡಿ ಮುರಿದದ್ದು ತಳ ಸುಟ್ಟದ್ದನ್ನೆಲ್ಲ ಗುಜರಿಗೆ ತೆಗೆದಿಟ್ಟೆ. ಈ ಡಬ್ಬಿಯನ್ನು ಮಾತ್ರ ಪ್ರತಿ ಸಲ ಗುಜರಿಯ ರಾಶಿಗೆ ಹಾಕಿ, ಮತ್ತೆ ಎತ್ತಿಡುತ್ತೇನೆ. ಅದು ನನಗೆ ಸಿಕ್ಕ ಕೂಲಿ.

ನಾನು ಸಣ್ಣವಳಿದ್ದಾಗ ಇಳಕಲ್ಲಿನ ನಮ್ಮ ಮನೆಯ ಮುಂದಿನ ಖೋಲಿಯಲ್ಲಿ ಮಗ್ಗ, ಹಿಂದೆ ಅಡುಗೆಮನೆ. ಅಪ್ಪನ ತಾಯಿ, ನಮ್ಮ ಆಯಿ, ಒಲೆಯ ಮುಂದೆ ಕೂತಲ್ಲಿಂದ ಏಳದೆ ಅಡುಗೆ ಮುಗಿಸುತ್ತಿದ್ದಳು. ಕೈಗೆಟಕುವ ಹಲಗೆಯ ಮೇಲೆ ತಗಡಿನ ಡಬ್ಬಿಗಳು, ಒಂದೊಂದರ ಕೊರಳಿಗೂ ಮಗ್ಗದಲ್ಲಿ ಉಳಿದ ನೂಲಿನ ತುಂಡು. ಉಪ್ಪಿಗೆ ಒಂದು ಗಂಟು, ಸಕ್ಕರೆಗೆ ಎರಡು, ರವೆಗೆ ಮೂರು. ಉಳಿದವರಿಗೆ ಅದು ಮುದುಕಿಯ ಚಟ. ರೊಟ್ಟಿ ಬಡಿದು ಜಡ್ಡುಗಟ್ಟಿದ ಆ ಬೆರಳಿಗೆ ಉಪ್ಪು ಸಕ್ಕರೆಯ ಹರಳಿನ ವ್ಯತ್ಯಾಸ ತಿಳಿಯದು, ಗಂಟು ತಿಳಿಯುತ್ತಿತ್ತು. “ಯಾರ ಮುಂದೂ ಅನಬ್ಯಾಡ ಮತ್ತ. ಕಣ್ಣು ಹೋಗ್ಯಾವ ಅಂದ್ರ ನನ್ನ ಒಲಿ ಮುಂದಿಂದ ಎಬ್ಬಿಸ್ತಾರ,” ಎಂದು ನನಗೊಬ್ಬಳಿಗೇ ಹೇಳಿದ್ದಳು.

ಚಿಗವ್ವ, ನಮ್ಮ ಕಕ್ಕನ ಹೆಂಡತಿ, ಹುನಗುಂದದವಳು. ಆಕೆಯ ಕಣ್ಣು ಬಹಳ ದಿನದಿಂದ ಆ ಒಲೆಯ ಮುಂದಿನ ಮಣೆಯ ಮೇಲಿತ್ತು. ಆಕೆಯ ಅಪ್ಪ ಬರುವ ದಿನ, ಆಯಿ ಲಿಂಗಪೂಜೆಗೆ ಕೂತ ಹೊತ್ತಿನಲ್ಲಿ, ನನ್ನ ಕೈಗೆ ಕತ್ತರಿ ಕೊಟ್ಟಳು. “ಈ ಜಿಡ್ಡ ಹಿಡದ ದಾರ ನೋಡಿದ್ರ ನಮ್ಮಪ್ಪ ಏನಂದಾನು? ಎಲ್ಲಾ ಕತ್ತರಿಸಿ ಒಗಿ. ಗುಲಾಬಿ ಚಿತ್ರದ ಬಿಸ್ಕೀಟ ಡಬ್ಬಿ ನಿನಗ.” ನಾನು ಕತ್ತರಿಸಿದೆ. ಆಕೆ ಡಬ್ಬಿಗಳನ್ನು ಬೂದಿ ಹಚ್ಚಿ ತಿಕ್ಕಿ, ಮನ ಬಂದ ಹಾಗೆ ಜೋಡಿಸಿದಳು. ಆಯಿಗೆ ಹೇಳಿದರಾಯಿತು ಅಂದುಕೊಂಡೆ. ಡಬ್ಬಿ ಬಗಲಲ್ಲಿತ್ತು, ಹೇಳಲಿಲ್ಲ.

ಆಯಿ ಅವತ್ತು ಶಿರಾ ಮಾಡಿದಳು. ಕೈಗೆ ದಾರ ಸಿಗದಾಗ ಅದೊಂದು ಬಿಚ್ಚಿಬಿದ್ದಿದೆ ಅಂದುಕೊಂಡು, ಹಳೆಯ ಜಾಗದ ಅಂದಾಜಿನ ಮೇಲೆ ಡಬ್ಬಿ ಎತ್ತಿಕೊಂಡಿರಬೇಕು. ಎಡೆ ಹಿಡಿಯುವ ಮುನ್ನ ರುಚಿ ನೋಡುವವಳಲ್ಲ. ಚಿಗವ್ವನ ಅಪ್ಪ ಒಂದು ತುತ್ತಿಟ್ಟು ತಾಟು ಸರಿಸಿದ. “ಏನ್ರಿ ಬೀಗತೇರ, ನಾವು ಬಂದದ್ದು ಇಷ್ಟು ಬ್ಯಾಸರ ಆತೇನ್ರಿ? ಶಿರಾದಾಗ ಸಮುದ್ರ ಸುರುವೀರಲ್ಲ.” ಚಿಗವ್ವ ನಕ್ಕಳು. “ದಿನಾ ಹಿಂಗ ಅಪ್ಪಾ. ನಾ ಅಂದ್ರ ನಾ ಕೆಟ್ಟಾಕಿ.” ಆಯಿ ಎದ್ದು ಹಲಗೆಯತ್ತ ತಿರುಗಿ ಡಬ್ಬಿಗಳ ಕೊರಳನ್ನು ಒಂದಾದ ಮೇಲೊಂದು ತಡವಿದಳು, ಮತ್ತೊಮ್ಮೆ ತಡವಿದಳು. ಕಣ್ಣು ಕಾಣುವುದಿಲ್ಲವೆಂದು ಎಲ್ಲರಿಗೂ ತಿಳಿದುಹೋಯಿತು. ಅವಳು ಒಂದು ಗಳಿಗೆ ನಾನಿದ್ದ ಕಡೆ ಮುಖ ಮಾಡಿದಳು. ನನ್ನ ಹೆಸರು ಮಾತ್ರ ಎತ್ತಲಿಲ್ಲ.

ಮರುದಿನದಿಂದ ಆ ಮಣೆಯ ಮೇಲೆ ಚಿಗವ್ವ. ಆಯಿ ಸಾಯುವ ತನಕ ಮಗ್ಗದ ಬದಿಗೆ ಕೂತು, ಬಿಸಾಕಿದ ನೂಲಿಗೆ ಗಂಟು ಹಾಕುತ್ತ, ಬಿಚ್ಚುತ್ತ ಇದ್ದಳು. ಕತ್ತರಿ ಕೊಡುವಾಗ ಕಣ್ಣಿನ ಸಂಗತಿ ಚಿಗವ್ವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಇಷ್ಟು ತಿಳಿದೂ ಆಕೆಯ ಮೇಲಿನ ಸಿಟ್ಟು ಇಳಿದಿಲ್ಲ. ನನ್ನ ಪಾಲಿನದನ್ನೂ ಆಕೆಯ ತಲೆಗೇ ಕಟ್ಟಿ ಇಷ್ಟು ವರ್ಷ ಬಾಳಿದ್ದೇನೆ.

ಮೊನ್ನೆ ಡಬ್ಬಿ ಕೈಯಲ್ಲಿರುವಾಗಲೇ ಚಿಗವ್ವನ ಫೋನು ಬಂತು. “ನನ್ನ ಕಣ್ಣೂ ಮಬ್ಬಾಗ್ಯಾವ ನೋಡವಾ. ಸೊಸಿ ಒಲಿ ಹತ್ರ ಬರಗೊಡವಲ್ಲಳು. ಅತ್ತಿ ಡಬ್ಬಿಗೆ ದಾರ ಕಟ್ಟತಿದ್ಲಲ್ಲ, ಉಪ್ಪಿಗೆ ಎಷ್ಟು ಗಂಟು, ಸಕ್ಕರಿಗೆ ಎಷ್ಟು? ನೀ ಯಾವಾಗ್ಲೂ ಆಕಿ ಬಾಜೂಕ ಇರ್ತಿದ್ದಿ.”

ಆಕೆ ಬೇಕಾದಷ್ಟು ಗಂಟು ತಾನೇ ಹಾಕಿಕೊಳ್ಳಬಹುದಿತ್ತು. ಆದರೂ ಕೇಳಿದಳು.

“ನೆನಪಿಲ್ಲ ಚಿಗವ್ವಾ,” ಎಂದೆ.