ಕೊನೆಯ ಕಂತು ನೋಡಲು ಕರೆದವರು

ಅವರ ಬಲಗೈ ಕಿರುಬೆರಳು ಮಡಚುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಯಾವುದೋ ಬಾಗಿಲ ಸಂದಿಗೆ ಸಿಕ್ಕಿತ್ತಂತೆ. ರೇಜರ್ ಹಿಡಿದಾಗ ಉಳಿದ ಬೆರಳುಗಳು ಕೆಲಸ ಮಾಡುತ್ತಿದ್ದರೆ ಅದೊಂದು ಮಾತ್ರ ನೆಟ್ಟಗೆ ನಿಂತು ಮೇಸ್ತ್ರಿಯಂತೆ ನೋಡುತ್ತಿತ್ತು. ಭಾನುವಾರ ಬೆಳಿಗ್ಗೆ, ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕುತ್ತಿಗೆ ಹಿಂದಕ್ಕೆ ಚೆಲ್ಲಿ ಕೂತವನಿಗೆ ಕನ್ನಡಿಯಲ್ಲಿ ಮೊದಲು ಕಾಣಿಸುತ್ತಿದ್ದದ್ದೇ ಆ ಬೆರಳು.

ನಾಯಂಡಹಳ್ಳಿಯಲ್ಲಿ ಟೈರ್ ಅಂಗಡಿಗೂ ಪ್ಲೈವುಡ್ ಗೋಡೌನಿಗೂ ನಡುವೆ ಅವರ ಕಟಿಂಗ್ ಶಾಪ್ ಇತ್ತು. ಎರಡು ಕುರ್ಚಿ, ಒಂದು ಬೆಂಚು, ಮೂಲೆಯಲ್ಲಿ ಎತ್ತರಕ್ಕೆ ಕೂರಿಸಿದ ಟಿವಿ. ನಾನು ಆ ಗೋಡೌನಿನಲ್ಲಿ ಬಿಲ್ಲು ಬರೆಯುವವನು, ಹಿಂದಿನ ಬೀದಿಯಲ್ಲೇ ನನ್ನ ಬಾಡಿಗೆ ಮನೆ. ಎಲ್ಲರೂ ಅವರನ್ನು ಯಜಮಾನರೇ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನನ್ನ ಹೆಂಡತಿ ತಿಪಟೂರಿನ ತವರಿಗೆ ಹೋಗಿ ಆಗಲೇ ಕೆಲವು ವರ್ಷಗಳಾಗಿದ್ದವು. ದೊಡ್ಡ ಜಗಳವೇನೂ ಅಲ್ಲ. ಹಬ್ಬಕ್ಕೆಂದು ಹೋದವಳು ಉಳಿದುಕೊಂಡಳು, ನಾನು ಯಾಕೆಂದು ಕೇಳಲಿಲ್ಲ, ಆಮೇಲೆ ಕೇಳುವುದಕ್ಕೆ ತಡವಾಯಿತು ಅನ್ನಿಸಿತು. ಹಾಗಾಗಿ ಭಾನುವಾರ ಎಂಬುದು ನನಗೆ ಕಳೆಯಲಾಗದ ದಿನವಾಗಿತ್ತು. ಶೇವಿಂಗ್ ನಾನೇ ಮಾಡಿಕೊಳ್ಳಬಲ್ಲೆ. ಆದರೂ ವಾರಕ್ಕೊಮ್ಮೆ ಒಬ್ಬರು ನನ್ನ ಗಲ್ಲ ಹಿಡಿದು ಮುಖವನ್ನು ಆಚೆ ಈಚೆ ತಿರುಗಿಸುತ್ತಾರಲ್ಲ, ಅದಕ್ಕಾಗಿ ಹೋಗುತ್ತಿದ್ದೆ.

ಆ ಹೊತ್ತಿಗೆ ಸರಿಯಾಗಿ ಟಿವಿಯಲ್ಲಿ ಒಂದು ಕಾಮಿಡಿ ಧಾರಾವಾಹಿಯ ಮರುಪ್ರಸಾರ ಬರುತ್ತಿತ್ತು. ಒಂದು ವಠಾರ, ಅದರಲ್ಲಿ ಉಪ್ಪಿಟ್ಟಿಗೆ ಈರುಳ್ಳಿ ಎಷ್ಟು ಹಾಕಬೇಕೆಂಬುದಕ್ಕೂ ಕಾದಾಡುವ ಗಂಡ ಹೆಂಡತಿ, ತೀರ್ಪು ಹೇಳಲು ಬಂದು ತಾವೇ ಸಿಕ್ಕಿಬೀಳುವ ನೆರೆಹೊರೆಯವರು. ಶಾಪಿನಲ್ಲಿ ಕೂತವರೆಲ್ಲ ಅದಕ್ಕೆ ಬಿದ್ದು ಬಿದ್ದು ನಗುತ್ತಿದ್ದರು. ಕೆನ್ನೆಯ ಮೇಲೆ ರೇಜರ್ ಇರುವಾಗ ಗಿರಾಕಿ ನಕ್ಕರೆ ಏನಾದೀತು ಎಂಬುದು ಯಾರಿಗಾದರೂ ಗೊತ್ತು. ಆದರೆ ಯಜಮಾನರ ಶಾಪಿನಲ್ಲಿ ಯಾರಿಗೂ ಗಾಯವಾಗುತ್ತಿರಲಿಲ್ಲ. ನಗು ಬರುವುದಕ್ಕೆ ಒಂದು ಉಸಿರಿನಷ್ಟು ಮೊದಲು ಅವರು ರೇಜರನ್ನು ಮೇಲೆತ್ತಿಬಿಡುತ್ತಿದ್ದರು. ಕೊನೆಕೊನೆಗೆ ನಾವು ಟಿವಿ ಬಿಟ್ಟು ಅವರ ಕೈಯನ್ನೇ ನೋಡುತ್ತಿದ್ದೆವು. ಕೈ ಮೇಲೆ ಹೋಯಿತೆಂದರೆ ಮಾತು ಬರುವ ಮೊದಲೇ ನಗಲು ಶುರು.

ಇದರ ಗುಟ್ಟನ್ನು ಅವರು ಮುಚ್ಚಿಡುವವರಲ್ಲ. ಶನಿವಾರ ತಲೆಗೆ ಕತ್ತರಿ ತಾಗಿಸದ ಜನ ನಮ್ಮ ಕಡೆ ಬಹಳ. ವ್ಯಾಪಾರವಿಲ್ಲದ ಆ ಸಂಜೆ ಅವರು ಬೇಗ ಬಾಗಿಲು ಹಾಕಿ, ಮೆಟ್ರೊ ಹತ್ತಿ ಕೆಂಗೇರಿ ಉಪನಗರದ ಮನೆ ಸೇರಿ, ಎಂಟು ಗಂಟೆಗೆ ಬರುವ ಹೊಸ ಕಂತನ್ನು ಹೆಂಡತಿಯ ಜೊತೆ ನೋಡುತ್ತಿದ್ದರು.

"ನಂಗೆ ಅಷ್ಟು ನಗು ಬರಲ್ಲ ಸಾರ್," ಎಂದಿದ್ದರು ಒಮ್ಮೆ. "ಅವಳು ಸೊಪ್ಪು ಬಿಡಿಸ್ತಾ ಕೂತಿರ್ತಾಳೆ. ಅವಳು ಎಲ್ಲಿ ನಗ್ತಾಳೋ ಆ ಜಾಗ ತಲೇಲಿಟ್ಕೋತೀನಿ. ಬೆಳಿಗ್ಗೆ ನೀವೂ ಅಲ್ಲೇ ನಗ್ತೀರಾ."

ಅವರ ಹೆಂಡತಿಯನ್ನು ನಾನು ಜೀವಂತವಾಗಿ ನೋಡಲೇ ಇಲ್ಲ. ಆದರೆ ಎಷ್ಟೋ ಭಾನುವಾರ ಆಕೆ ನಕ್ಕಲ್ಲಿ ನಾವು ನಕ್ಕಿದ್ದೇವೆ.

ಮೂರನೇ ಸೀಸನ್ನೇ ಕೊನೆಯದೆಂದು ಚಾನೆಲ್‌ನವರು ಹೇಳಿದರು. ಅದು ಶುರುವಾಗುವ ಹೊತ್ತಿಗೆ ಆಕೆ ಆಸ್ಪತ್ರೆಯಲ್ಲಿದ್ದರು. ಶನಿವಾರದ ಕಂತನ್ನು ಯಜಮಾನರು ಅಲ್ಲೇ ಮಂಚದ ಪಕ್ಕ ಕೂತು ಮೊಬೈಲಿನಲ್ಲಿ ತೋರಿಸುತ್ತಿದ್ದರು. ಅರ್ಧಕ್ಕೆ ಬರುವಷ್ಟರಲ್ಲಿ ಹೋಗಿಬಿಟ್ಟರು. ಹದಿನೈದು ದಿನ ಶಾಪ್ ಮುಚ್ಚಿತ್ತು. ತೆರೆದ ಮೇಲಿನ ಮೊದಲ ಭಾನುವಾರ ಕುರ್ಚಿಯಲ್ಲಿ ಕೂತವನು ನಾನೇ. ಟಿವಿಯಲ್ಲಿ ಆ ಗಂಡ ಏನೋ ಅಂದ, ಬೆಂಚಿನವರು ಹೋ ಎಂದರು, ನಾನೂ ನಕ್ಕೆ. ರೇಜರ್ ಮೇಲೆದ್ದಿರಲಿಲ್ಲ. ಕೆನ್ನೆಯ ಮೇಲೆ ಚುರ್ ಎಂದಿತು, ನೊರೆ ಕೆಂಪಾಯಿತು.

ಯಜಮಾನರು ಪಟಿಕದ ಕಲ್ಲು ಒತ್ತಿ ಹಿಡಿದರು.

"ನಿನ್ನೆ ಟಿವಿ ಹಾಕ್ಲಿಲ್ಲ ಸಾರ್," ಎಂದರು ಮೆಲ್ಲಗೆ. "ಹಾಕಿದ್ರೂ ಎಲ್ಲಿ ನಗ್ಬೇಕು ಅಂತ ನಂಗ್ ಗೊತ್ತಾಗ್ತಿರ್ಲಿಲ್ಲ."

ಆವತ್ತಿನಿಂದ ಭಾನುವಾರ ಟಿವಿಯಲ್ಲಿ ಧಾರಾವಾಹಿ ನಡೆಯುತ್ತಿರುವಷ್ಟು ಹೊತ್ತು ಅವರು ಯಾರ ಮುಖಕ್ಕೂ ರೇಜರ್ ತಾಗಿಸಲಿಲ್ಲ. ಬಂದವರು ನೊರೆ ಹಚ್ಚಿಸಿಕೊಂಡು, ಜಾಹೀರಾತು ಬಂದಾಗ ಅರ್ಧ ಗಡ್ಡ ತೆಗೆಸಿಕೊಂಡು, ಮತ್ತೆ ಕಾಯಬೇಕಾಗಿತ್ತು. ಟಿವಿ ಆರಿಸಿ ಎಂದು ಯಾರೂ ಹೇಳಲಿಲ್ಲ, ಅವರಾಗಿ ಆರಿಸಲೂ ಇಲ್ಲ. ಕೆಲವರು ರಸ್ತೆಯಾಚೆಯ ಏಸಿ ಸಲೂನಿಗೆ ಹೋದರು. ಹೋಗಲಿ. ಬಾಯಿ ಬಿಡದೆ ಕೆಲಸ ಮುಗಿಸಿ ಕಳಿಸುವ ಅಂಥ ಜಾಗಗಳಲ್ಲಿ ನನ್ನಂಥವರಿಗೇನು ಕೆಲಸ?

ಧಾರಾವಾಹಿಯೂ ಆಗ ಕೆಟ್ಟಿತ್ತು, ಅದನ್ನೂ ಹೇಳಬೇಕು. ನಗಿಸುವವರಿಗೆ ಕೊನೆಯ ಸೀಸನ್ ಬಂದಾಗ ಅಳಿಸುವ ಆಸೆ ಯಾಕೆ ಹುಟ್ಟುತ್ತದೋ. ವಾರಕ್ಕೊಬ್ಬ ಹೊಸ ನೆಂಟ, ವಾರಕ್ಕೊಂದು ಹಿನ್ನೆಲೆ ಪಿಟೀಲು. ಜಗಳವಾಡಿಕೊಂಡೇ ಚೆನ್ನಾಗಿದ್ದ ಆ ಹೆಂಡತಿ ನಿಜವಾಗಿಯೇ ನೊಂದುಕೊಂಡು ತವರಿಗೆ ಹೊರಟುಹೋದಳು. ನನಗಂತೂ ಮೈ ಉರಿಯಿತು. ಬೇರೆಯವರು ಅದನ್ನು ಕಥೆಯೆಂದು ನೋಡುತ್ತಿದ್ದರು.

ಕೊನೆಯ ಕಂತಿನ ವಾರ ಬುಧವಾರ ಯಜಮಾನರು ಗೋಡೌನಿನ ಬಾಗಿಲಿಗೆ ಬಂದರು. ಶಾಪ್ ಬಿಟ್ಟು ಹೀಗೆ ಬಂದವರೇ ಅಲ್ಲ.

"ಶನಿವಾರ ಮುಗಿಯುತ್ತಂತೆ ಸಾರ್. ನೀವು ಮನೆಗೆ ಬರ್ತೀರಾ?"

"ಯಾಕೆ ಯಜಮಾನ್ರೇ, ಭಾನುವಾರ ಶಾಪಲ್ಲೇ ನೋಡ್ಬಹುದಲ್ಲ?"

"ಅದಲ್ಲ. ಆಸ್ಪತ್ರೇಲಿ ಅವಳು ಹೇಳಿದ್ಲು, ಆ ಗಂಡ ಹೆಂಡ್ತಿದು ಕೊನೇಗೆ ಏನಾಯ್ತು ಅಂತ ನೋಡಿ ಹೇಳ್ರೀ ಅಂತ. ನೋಡ್ಲೇಬೇಕು. ಒಬ್ಬನೇ ಆ ಟಿವಿ ಮುಂದೆ ಕೂರಕ್ಕೆ ನನ್ನ ಕೈಲಾಗಲ್ಲ."

ಹೋದೆ. ಕೆಂಗೇರಿಯ ಸ್ಟೇಷನ್ನಿನಲ್ಲಿ ಕಾಯುತ್ತಿದ್ದರು, ಕೈಯಲ್ಲಿ ಖಾರಾ ಬೂಂದಿಯ ಪೊಟ್ಟಣ. ಎರಡು ಕೋಣೆಯ ಮನೆ, ಅಚ್ಚುಕಟ್ಟಾಗಿತ್ತು. ಟಿವಿಯ ಪಕ್ಕದ ಗೋಡೆಯಲ್ಲಿ ಆಕೆಯ ಫೋಟೋ. ಯಾವುದೋ ಮದುವೆಯಲ್ಲಿ ತೆಗೆದದ್ದು, ಪಕ್ಕದವರನ್ನು ಕತ್ತರಿಸಿ ಇವರೊಬ್ಬರನ್ನೇ ದೊಡ್ಡದು ಮಾಡಿಸಿದ್ದರು. ಭುಜದ ಮೇಲೆ ಇನ್ನಾರದೋ ಬೆರಳುಗಳು ಉಳಿದುಕೊಂಡಿದ್ದವು. ಯಜಮಾನರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ತಾವು ಮಂಚದ ಅಂಚಿನಲ್ಲಿ ಕೂತರು. ಟಿವಿ ನೋಡುವುದಕ್ಕಿಂತ ಹೆಚ್ಚಾಗಿ ನನ್ನ ಮುಖ ನೋಡುತ್ತಿದ್ದರು. ನಾನು ನಗುತ್ತೇನಾ ಎಂದು. ಒಂದೆರಡು ಕಡೆ ಅವರಿಗಾಗಿಯೇ ನಕ್ಕೆ.

ಕೊನೆಯ ದೃಶ್ಯ ಹೀಗಿತ್ತು. ವಠಾರದವರೆಲ್ಲ ಬೈದು ಬುದ್ಧಿ ಹೇಳಿದ ಮೇಲೆ ಗಂಡ ಒಂದು ಚೀಲ ಹಿಡಿದು ಬಸ್ಸು ಹತ್ತುತ್ತಾನೆ. ಹೆಂಡತಿಯನ್ನು ಕರೆತರಲು. ಬಸ್ಸು ಹೊರಡುತ್ತದೆ. ಅಷ್ಟೇ. ಕಲಾವಿದರೆಲ್ಲ ಸಾಲಾಗಿ ಬಂದು ಕೈಮುಗಿದರು, ಮುಗಿಯಿತು.

"ಇದೇನಿದು, ಅವಳು ಬಂದ್ಲೋ ಇಲ್ವೋ ಹೇಳೋದ್ಬೇಡ್ವಾ?" ಎಂದೆ. ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಮೂರು ಸೀಸನ್ ಕೂರಿಸಿಕೊಂಡು ಬಸ್ ತೋರಿಸಿ ಕಳಿಸುವುದೇ?

ಯಜಮಾನರು ಟಿವಿ ಆರಿಸಿದರು. ಎದ್ದು ಹೋಗಿ ಫೋಟೋದ ಮುಂದೆ ನಿಂತರು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು.

"ಕರ್ಕೊಂಡ್ ಬಂದ ಕಣೇ," ಎಂದರು. "ಅವಳೂ ಒಂದ್ಮಾತಿಗೇ ಬಂದ್ಬಿಟ್ಲು. ಬಂದ ತಕ್ಷಣ ಮತ್ತೆ ಜಗಳ ಶುರು ಮಾಡಿದ್ರು. ಎಲ್ಲಾ ಮೊದಲಿನ ಥರಾನೇ ಆಯ್ತು."

ಆಮೇಲೆ ನನ್ನ ಕಡೆ ತಿರುಗಿ, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ, "ಅರ್ಧಂಬರ್ಧ ಹೇಳಿದ್ರೆ ಅವಳು ಬಿಡಲ್ಲ ಸಾರ್. ಆಮೇಲೇನಾಯ್ತು ಆಮೇಲೇನಾಯ್ತು ಅಂತ ತಲೆ ತಿಂತಾಳೆ," ಎಂದರು. ಕಣ್ಣು ಒರೆಸಿಕೊಳ್ಳಲಿಲ್ಲ. ನಾನು ತಲೆ ತಗ್ಗಿಸಿ ಬೂಂದಿ ತಿಂದೆ.

ಸ್ಟೇಷನ್ನಿನವರೆಗೆ ಬಿಡಲು ಬಂದರು. ಮೆಟ್ಟಿಲ ಬಳಿ ನಿಂತು ಕೇಳಿದರು.

"ನಿಮ್ ಮನೇವ್ರನ್ನ ಕರ್ಯೋಕೆ ನೀವು ಹೋಗಿದ್ರಾ ಸಾರ್?"

"ಇಲ್ಲ."

"ಫೋನು?"

"ಇಲ್ಲ."

ಹೂಂ ಎಂದರು. ಹೋಗಿ ಎನ್ನಲಿಲ್ಲ. ಉಪದೇಶ ಮಾಡುವ ಬುದ್ಧಿ ಅವರಿಗಿರಲಿಲ್ಲ. "ಜೋಪಾನ," ಎಂದು ಹಿಂದಿರುಗಿದರು. ದಾರಿದೀಪದಡಿ ನಿಧಾನವಾಗಿ ನಡೆದುಹೋದರು.

ಮರುದಿನ ಶಾಪಿನಲ್ಲಿ ದೊಡ್ಡ ಪಂಚಾಯ್ತಿ. "ದುಡ್ಡು ಮುಗಿದಿತ್ತು ಅನ್ಸುತ್ತೆ ಗುರು, ಬಸ್ ಹತ್ಸಿ ಕೈ ತೊಳ್ಕೊಂಡ್ರು," ಎಂದ ಆಟೋ ಓಡಿಸುವವನೊಬ್ಬ. ಮುಗಿಸಿದ್ದು ಸರಿಯೋ ತಪ್ಪೋ ಎಂದು ಬೆಂಚಿನವರು ಯಜಮಾನರನ್ನೇ ಕೇಳಿದರು. "ಚೆನ್ನಾಗೇ ಮುಗೀತಲ್ಲ," ಎಂದಷ್ಟೇ ಹೇಳಿ ಅವರು ಬ್ರಷ್ಷನ್ನು ನೀರಿಗೆ ಅದ್ದಿದರು.

ಮುಂದಿನ ಆಷಾಢದಲ್ಲಿ ಅವರೂ ಹೋದರು. ಮಂಗಳವಾರ, ಶಾಪಿನ ರಜೆಯ ದಿನ, ಮಲಗಿದ್ದಲ್ಲೇ. ಪಕ್ಕದ ಟೈರ್ ಅಂಗಡಿಯವರು ಹೇಳುವವರೆಗೆ ನನಗೆ ತಿಳಿಯಲಿಲ್ಲ. ಗೊತ್ತಾಗುವಷ್ಟರಲ್ಲಿ ಮಣ್ಣೂ ಆಗಿತ್ತು. ಶಾಪಿನಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಗಡ್ಡ ನಾನೇ ತೆಗೆದುಕೊಳ್ಳುತ್ತೇನೆ. ನನ್ನ ಮುಖ ಮುಟ್ಟುವವರು ಯಾರೂ ಇಲ್ಲ.

ಈಚೆಗೆ ಒಂದು ಭಾನುವಾರ, ಹೊತ್ತು ಹೋಗದೆ ಕೂತವನು ಎದ್ದು ತಿಪಟೂರಿನ ರೈಲು ಹತ್ತಿದೆ. ಫೋನು ಮಾಡಿರಲಿಲ್ಲ. ಬಾಗಿಲು ತೆರೆದವಳು ಅವಳೇ. ಕೂದಲು ನರೆತಿತ್ತು.

"ಏನು ಬಂದ್ರಿ?"

"ಕರ್ಯೋಕೆ."

ಒಳಗೆ ಕರೆದು ಊಟಕ್ಕೆ ಹಾಕಿದಳು. ಬಡಿಸುತ್ತಲೇ, "ನಾನು ಬರಲ್ಲ. ಇಲ್ಲೇ ಅಭ್ಯಾಸ ಆಗಿದೆ," ಎಂದಳು. ಕೋಪವಿರಲಿಲ್ಲ. ಹೊರಡುವಾಗ ಗೇಟಿನವರೆಗೆ ಬಂದು, "ಆಗ್ಲೇ ಬರ್ಬೇಕಿತ್ತು," ಎಂದಳು. ಹೌದು ಎಂದೆ.

ರೈಲಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಎದುರಿಗೆ ಕೂತವರು ಎಲ್ಲಿಗೆ ಹೋಗಿದ್ರಿ ಎಂದು ಕೇಳಿದರು. ನೆಂಟರ ಮನೆಗೆ ಎಂದೆ. ಅವಳು ಬರಲಿಲ್ಲ, ಆದರೆ ನಾನು ಹೋಗಿದ್ದೆ ಎಂದು ಹೇಳಬೇಕಾಗಿದ್ದದ್ದು ಯಜಮಾನರೊಬ್ಬರಿಗೆ.