ಬೈಸಿಕೊಳ್ಳುವ ಹಕ್ಕು

ಮೊನ್ನೆ ತಂಗಿ ರೇಣುಕಾ ರೊಟ್ಟಿ ಬಡಿಯುವುದನ್ನು ಅರ್ಧಕ್ಕೇ ಬಿಟ್ಟು, ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ಹೊರಗೆ ಬಂದಳು. ಹಂಚಿನ ಮೇಲಿದ್ದ ರೊಟ್ಟಿ ಸೀದ ವಾಸನೆ ಅವಳ ಬೆನ್ನ ಹಿಂದೆಯೇ ಬಂತು. ನೌಕರಿಗೆಂದು ಬರೆದಿದ್ದ ಪರೀಕ್ಷೆಯ ಫಲಿತಾಂಶ ಬಂದಿತ್ತು. ಮುಖ ನೋಡಿದರೆ ಅಳುವ ಹಾಗೂ ಇತ್ತು, ಜಗಳಕ್ಕೆ ನಿಂತ ಹಾಗೂ ಇತ್ತು.

“ಅಣ್ಣಾ, ನಾರ್ಮಲೈಸೇಶನ್ ಅಂತ ಮಾಡಿ ನನ್ನ ಮಾರ್ಕ್ಸ್ ಇಳಿಸ್ಯಾರ ನೋಡು.”

“ಹಂಗಂದ್ರೇನು?”

“ಪರೀಕ್ಷಾ ಎರಡು ದಿನಾ ಆಗಿತ್ತಲ್ಲ. ನಮ್ಮ ದಿನದ ಪೇಪರ್ ಹಗುರ ಇತ್ತಂತ. ಮರುದಿನದ್ದು ಬಿರುಸು ಇತ್ತಂತ. ಅದಕ್ಕ ಎರಡೂ ಕೂಡಿಸಿ ಒಂದು ಅಳತಿಗೆ ತಂದಾರ.”

ನಾನು ಎಂಟನೇ ಇಯತ್ತೆಗೇ ಶಾಲೆ ಬಿಟ್ಟವನು. ಆದರೂ ತಕ್ಷಣ ತಿಳಿಯಿತು. ನನ್ನ ಹೊಟ್ಟೆಪಾಡೇ ಅದು. ಟ್ರ್ಯಾಕ್ಟರಿಗೆ ಬ್ಲೇಡು ಕಟ್ಟಿಕೊಂಡು ಹೊಲ ಸಮ ಮಾಡುತ್ತೇನೆ. ಕಾಲುವೆ ನೀರು ಬಂದ ಮೇಲೆ ಶಹಾಪುರ, ಸುರಪುರದ ಕಡೆ ಜೋಳದ ಹೊಲಗಳೆಲ್ಲ ನೆಲ್ಲಿನ ಗದ್ದೆಗಳಾದವು. ನೀರು ಸಮನಾಗಿ ನಿಲ್ಲಬೇಕಾದರೆ ದಿಬ್ಬ ಕೆರೆದು ತಗ್ಗಿಗೆ ತಳ್ಳಬೇಕು.

“ನೀ ದಿಬ್ಬ ಆಗಿದ್ದಿ, ಕೆರದಾರ. ಅಷ್ಟ,” ಅಂದೆ. ಅವಳು ಬೀಸಿದ ಹಿಟ್ಟಿನ ಉಂಡೆ ನನ್ನ ಕಿವಿಗೆ ತಾಕಿ ಗೋಡೆಗೆ ಅಂಟಿತು.

ಅವಳು ಒಳಗೆ ಹೋದಳು. ನನ್ನ ತಲೆಯಲ್ಲಿ ಆ ಮಾತು ಉಳಿಯಿತು. ಶಹಾಪುರದ ಡಾಕ್ಟರು ಅಪ್ಪನ ತೋಳಿಗೆ ಪಟ್ಟಿ ಕಟ್ಟಿ, ಗಾಳಿ ಒತ್ತಿ, “ನಾರ್ಮಲ್ ಬಂದದ” ಅನ್ನುತ್ತಾರಲ್ಲ, ಅಲ್ಲೂ ಇದೇ. ಬರದಿದ್ದರೆ ಬರುವ ತನಕ ಗುಳಿಗೆ ನುಂಗಬೇಕು. ಅಂಕಿಯಾಗಲಿ, ಮಣ್ಣಾಗಲಿ, ಮನುಷ್ಯನಾಗಲಿ, ಅಳತೆಗೆ ಕೂಡದ್ದನ್ನು ಕೂಡಿಸುವುದೇ ಎಲ್ಲ ಕಡೆಯ ಕೆಲಸ ಅಂದುಕೊಂಡೆ. ಹಾಗೆ ಅಂದುಕೊಂಡಾಗಲೇ ನಮ್ಮ ದೊಡ್ಡವ್ವ ನೆನಪಾದಳು. ಆಕೆ ಮಾಡಿದ್ದು ಉಲ್ಟಾ. ಮಗನನ್ನು ಮುಟ್ಟಲಿಲ್ಲ. ಊರನ್ನು ಹಿಡಿದಳು.

ನಿಮಗೆ ಭೀಮರಾಯನ ಬಗ್ಗೆ ಹೇಳಬೇಕು. ದೊಡ್ಡವ್ವನ ಒಬ್ಬನೇ ಮಗ, ನನ್ನ ವಾರಿಗೆಯವನು. ಹುಟ್ಟಿನಿಂದಲೇ ಬುದ್ಧಿ ಮೆಲ್ಲಗೆ. ಒಂದು ಮಾತು ಕೇಳಿದರೆ ಉತ್ತರ ಬರುವಷ್ಟರಲ್ಲಿ ನೀವು ಬೀಡಿ ಹಚ್ಚಬಹುದು. ಆದರೆ ಉತ್ತರ ಬರುತ್ತದೆ. ಊರಲ್ಲಿ ಯಾರೂ ಅವನಿಗೆ ಕೆಟ್ಟದ್ದು ಮಾಡಿದವರಲ್ಲ. ಎಲ್ಲರೂ “ದೇವ್ರಂಥಾಂವ” ಅನ್ನುತ್ತಿದ್ದರು. ಆ ಮಾತು ಕೇಳಿದರೆ ದೊಡ್ಡವ್ವನಿಗೆ ಉರಿ ಏರುತ್ತಿತ್ತು.

“ದೇವ್ರಂಥಾಂವ ಅಂದವ್ರು ಯಾರೂ ಕೆಲಸಕ್ಕ ಕರಿಯಂಗಿಲ್ಲ, ಲಗ್ನಕ್ಕ ಕರಿಯಂಗಿಲ್ಲ. ದೇವ್ರ ಗುಡಿಯಾಗ ಇರ್ಲಿ. ಇಂವ ನನ್ನ ಮಗ.”

ಒಮ್ಮೆ ವಡಗೇರಾಕ್ಕೆ ಮದುವೆಗೆ ಹೊರಟಿದ್ದೆವು. ಬಸ್ಸಿನ ಕಂಡಕ್ಟರು ನಮಗೆಲ್ಲ ಟಿಕೀಟು ಹರಿದು, ಭೀಮರಾಯನ ಮುಖ ನೋಡಿ ಮುಂದೆ ಹೋದ. ಒಳ್ಳೆಯ ಮನಸ್ಸಿನಿಂದಲೇ.

“ಇವನ ಟಿಕೀಟು?” ದೊಡ್ಡವ್ವ ಕೂಗಿದಳು.

“ಇರ್ಲಿ ಬಿಡ್ರಿ ಯವ್ವಾ.”

“ಯಾಕಿರ್ಲಿ? ಆ ಸೀಟಿನ ಕೆಳಗ ಕುಂತ ಕೋಳಿಗೂ ಹರದೀರಿ. ನನ್ನ ಮಗ ಕೋಳಿಗಿಂತ ಕಡಿಮಿ ಏನ್ರಿ?”

ಬಸ್ಸೆಲ್ಲ ನಕ್ಕಿತು. ನಾನು ನಾಚಿಕೆಯಿಂದ ಕಿಟಕಿಯ ಕಡೆ ತಿರುಗಿದೆ. ಕಂಡಕ್ಟರು ವಾಪಸು ಬಂದು ಹರಿದು ಕೊಟ್ಟ. ಭೀಮರಾಯ ಆ ಟಿಕೀಟನ್ನು ಮದುವೆ ಊಟದಲ್ಲೂ ಎಡಗೈಯಲ್ಲಿ ಹಿಡಿದುಕೊಂಡೇ ಕೂತಿದ್ದ.

ಇದೆಲ್ಲ ಮುದುಕಿಯ ಹಟ ಎಂದೇ ನಾನು ತಿಳಿದಿದ್ದೆ. ಆದರೆ ದೊಡ್ಡಪ್ಪ ತೀರಿಕೊಂಡ ವರ್ಷ ನೀರಿನ ಮಾತು ಬಂತು. ನಮ್ಮ ಕಾಲುವೆ ತೂಬಿನ ಕೆಳಗಿನ ರೈತರು ಪಾಳಿ ಹಚ್ಚಿಕೊಂಡು ನೀರು ಹಾಯಿಸುತ್ತೇವೆ. ಪಾಳಿ ಬಂದವನು ತನ್ನ ಹೊಲದಲ್ಲಿ ನಿಂತು, ಒಡ್ಡು ಕಾಯ್ದು, ತುಂಬಿದ ಮೇಲೆ ಮುಂದಿನವನಿಗೆ ಬಿಡಬೇಕು. ದೊಡ್ಡವ್ವನ ಪಾಳಿಗೆ ನಾನು ನಿಲ್ಲಲಿ ಎಂದು ಹಿರಿಯರು ತೀರ್ಮಾನ ಮಾಡಿದರು. ನಾನೂ ಎದೆ ಉಬ್ಬಿಸಿಕೊಂಡು ಹೇಳಲು ಹೋದೆ.

“ನೀ ಬ್ಯಾಡ,” ಅಂದಳು. “ಭೀಮರಾಯ ನಿಂದ್ರತಾನ.”

“ದೊಡ್ಡವ್ವಾ, ಅವಂಗ ತಿಳಿತದೇನ?”

“ಇವತ್ತು ನೀ ನಿಂತಿ ಅಂದ್ರ, ಪಾಳಿ ನಿಂದ ಅಂತ ಊರು ತಿಳಿತದ. ನಾ ಹೋದ ಮ್ಯಾಲ ಹೊಲಾನೂ ನಿಂದ ಅಂತ ತಿಳಿತದ. ಅಂವ ನಿಮ್ಮ ಮನಿ ಕಟ್ಟಿಮ್ಯಾಲ ಕುಂತು ರೊಟ್ಟಿ ತಿಂತಾನ. ಒಳ್ಳೆ ರೊಟ್ಟಿನ ಹಾಕ್ತಿ, ನನಗ ಗೊತ್ತದ. ಅದು ಬ್ಯಾಡ.”

ನನಗೆ ಸಿಟ್ಟು ಬಂತು. ಬೇಕಿದ್ದರೆ ಮುಳುಗಲಿ ಎಂದುಕೊಂಡೆ.

ಮುಳುಗಿದ್ದು ಬೇರೆಯವರ ಹೊಲ. ಪಕ್ಕದ ಹೊಲ ಚಾಂದ್‌ಪಾಶಾ ಕಾಕಾನದು. ಮೆಣಸಿನಕಾಯಿ ಗಿಡ ಹಚ್ಚಿದ್ದ. ಮೆಣಸಿನ ಬೇರಿಗೆ ನೀರು ನಿಂತರೆ ಗಿಡ ಸತ್ತ ಹಾಗೇ. ಭೀಮರಾಯ ಬೆಳಿಗ್ಗೆ ಸಲಿಕೆ ಹಿಡಿದು ತೂಬಿನ ಕಡೆಗೇ ಕಣ್ಣಿಟ್ಟು ನಿಂತಿದ್ದ. ಬೆನ್ನ ಹಿಂದೆ ಎರಡೂ ಹೊಲಗಳ ನಡುವಿನ ಒಡ್ಡು ಒಡೆದು ನೀರು ಮೆಣಸಿನ ಸಾಲುಗಳಿಗೆ ನುಗ್ಗಿದ್ದು ಅವನಿಗೆ ಕಾಣಲಿಲ್ಲ. ಕಾಕಾ ಓಡಿ ಬಂದ. ಬೈಯಲು ಬಾಯಿ ತೆರೆದ. ಭೀಮರಾಯನನ್ನು ನೋಡಿ ಬಾಯಿ ಮುಚ್ಚಿದ. ಆ ಸಿಟ್ಟನ್ನು ಎಲ್ಲಾದರೂ ಇಳಿಸಬೇಕಲ್ಲ, ನಮ್ಮ ಹೊಲದಲ್ಲಿ ಸುಮ್ಮನೆ ನಿಂತಿದ್ದ ನನ್ನ ಕಡೆ ತಿರುಗಿದ.

“ಏ ನಾಲಾಯಕ್! ಕಣ್ಣ ಮುಂದ ನೀರ್ ಹೊಂಟದ, ಬೇಲಿ ಗೂಟದಂಗ ನಿಂತೀದಿ! ಅಂವ ದೇವ್ರಂಥಾಂವ, ನಿನಗೇನಾಗ್ಯಾದ?”

ಬುತ್ತಿ ಹೊತ್ತು ಬರುತ್ತಿದ್ದ ದೊಡ್ಡವ್ವ ಗಂಟನ್ನು ಒಡ್ಡಿನ ಮೇಲೆ ಇಟ್ಟಳು.

“ಪಾಶಾ, ಅವಂಗ್ಯಾಕ ಬೈತೀಪಾ? ಪಾಳಿ ಇವಂದು. ಇವಂಗ ಬೈ.”

“ಹೋಗ್ಲಿ ಬಿಡಕ್ಕಾ. ಇವಂಗೇನು ಬೈಯ್ಲಿ?”

“ನಿನ್ನ ಗಿಡ ಕೆಡಿಸ್ಯಾನ. ಬೈ.”

ಕಾಕಾ ಸಂಕಟದಿಂದ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. “ಬೇಟಾ, ಹಿಂಗ ಮಾಡಬಾರದು ನೋಡು...”

“ಹಿಂಗಲ್ಲ!” ದೊಡ್ಡವ್ವ ಚೀರಿದಳು. “ಈಗ ಆ ಹುಡುಗಗ ಬೈದಿ ನೋಡು, ಹಂಗ. ಇವತ್ತು ನೀ ಬೈಲಿಲ್ಲಂದ್ರ, ನಾಳಿ ನಾ ಸತ್ತ ಮ್ಯಾಲ ಇಂವ ಇಲ್ಲಿ ಅದಾನ ಅನ್ನೂದನ್ನ ಮರೀತೀರಿ.”

ಕಾಕಾ ಆಕೆಯನ್ನು ನೋಡಿದ. ನೀರಲ್ಲಿ ನಿಂತ ತನ್ನ ಗಿಡಗಳನ್ನು ನೋಡಿದ. ಆಮೇಲೆ ಶುರು ಮಾಡಿದ. ಮೊದಲು ಕನ್ನಡದಲ್ಲಿ, ಸಾಲದ್ದಕ್ಕೆ ಉರ್ದುವಿನಲ್ಲಿ. ಸಲಿಕೆ ಹಿಡಿಯಲು ಬರದವನು ಅಂದ, ಕುರುಡ ಅಂದ, ನಿದ್ದೆಬಡುಕ ಅಂದ. ಭೀಮರಾಯ ತಾಯಿಯ ಮುಖ ನೋಡಿದ. ಆಕೆ ಬೇಕಂತಲೇ ಬುತ್ತಿಯ ಗಂಟು ಬಿಚ್ಚುತ್ತಿದ್ದಳು. ಅದೇ ಗಂಟನ್ನು ಮತ್ತೆ ಮತ್ತೆ ಎಳೆದಳು. ಬಿಚ್ಚಿಕೊಳ್ಳಲಿಲ್ಲ.

ಬಹಳ ಹೊತ್ತಾದ ಮೇಲೆ ಭೀಮರಾಯ ಬಾಯಿ ಬಿಟ್ಟ.

“ನಿನ್ನ ಒಡ್ಡು... ಸಣ್ಣದದ.”

“ಏನಂದಿ?”

“ಸಣ್ಣದದ. ಮಣ್ಣು... ಹಾಕಿಲ್ಲ ನೀ.”

ಮಾತು ಖರೆ ಇತ್ತು. ಆ ಒಡ್ಡನ್ನು ಕಾಕಾ ವರ್ಷಕ್ಕೊಮ್ಮೆ ಒಂದಿಷ್ಟು ಕೆರೆದು ತನ್ನ ಸಾಲಿಗೆ ಸೇರಿಸಿಕೊಂಡಿದ್ದು ಎಲ್ಲರಿಗೂ ಗೊತ್ತಿತ್ತು. “ನನಗ ಎದುರುತ್ತರ ಕೊಡ್ತೀಯೇನಲೇ!” ಎಂದು ಕಾಕಾ ಮತ್ತಷ್ಟು ಏರಿದ. “ಸಣ್ಣದದ” ಎಂದು ಭೀಮರಾಯ ಮತ್ತೆ ಅಂದ. ಬೈಯುತ್ತಲೇ ಕಾಕಾ ಒಂದು ಕಡೆಯಿಂದ ನೀರು ಹೊರಹಾಕಲು ಕಾಲುವೆ ತೋಡಿದ, ಭೀಮರಾಯ ಇನ್ನೊಂದು ಕಡೆಯಿಂದ. ಮೆಣಸು ಅರ್ಧ ಉಳಿಯಿತು. ಮಧ್ಯಾಹ್ನ ದೊಡ್ಡವ್ವ ಮೂವರಿಗೂ ರೊಟ್ಟಿ ಕೊಟ್ಟಳು. ಅದೇ ಒಡ್ಡಿನ ಮೇಲೆ ಕೂತು ತಿಂದೆವು.

ಮುಂದಿನ ಬೆಳೆಗೆ ಪಾಳಿ ಹಚ್ಚುವಾಗ ಕಾಕಾನೇ ಹಿರಿಯರ ಮುಂದೆ ಗೊಣಗಿದ್ದು: “ನನ್ನ ಮುಂದಿನ ಪಾಳಿ ಭೀಮರಾಯಂದು. ಬಾಳ ಬಿರುಸು ಮನಷ್ಯಾ, ಹೊತ್ತಿಗೆ ಸರಿಯಾಗಿ ನೀರು ಕೇಳ್ತಾನ.” ಮುದುಕಿಯ ಪಾಳಿ ಅನ್ನಲಿಲ್ಲ. ದೇವರಂಥವನು ಅನ್ನಲಿಲ್ಲ. ದೊಡ್ಡವ್ವ ಏನೂ ಕೇಳಿಸದವಳ ಹಾಗೆ ಎಲೆ ಅಡಿಕೆ ಹಾಕಿಕೊಂಡಳು. ಅವತ್ತಿನಿಂದ ನನಗೆ ಆಕೆಯ ಮೇಲಿದ್ದ ಸಿಟ್ಟು ಹೋಯಿತು.

ಆಕೆ ತೀರಿಕೊಂಡು ಒಂದು ವರ್ಷ ಆಯಿತು. ಹೊಲ ಭೀಮರಾಯನ ಹೆಸರಲ್ಲೇ ಇದೆ. ಪಾಳಿಯೂ ಅವನದೇ.

ಇವತ್ತು ಬೆಳಿಗ್ಗೆ ಟ್ರ್ಯಾಕ್ಟರ್ ತಿರುಗಿಸುವಾಗ ಹಿಂದಿನ ಗಾಲಿ ಅವನ ಒಡ್ಡಿನ ಮೇಲೆ ಹತ್ತಿತು. ನಾನು ನೋಡದವನ ಹಾಗೆ ಮುಂದೆ ಹೊರಟೆ. ಅವನು ಬಂದು ಎದುರಿಗೇ ನಿಂತ.

“ಇಳಿ. ಒಡ್ಡು ಕಟ್ಟು.”

“ಸಂಜಿಗೆ ಕಟ್ತೀನಿ, ಬಾಜೂಕ ಸರಿ.”

“ನೀರು... ಈಗ ಬರ್ತದ.”

ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ಯೋಚಿಸಿ ಯೋಚಿಸಿ ಒಂದೊಂದೇ ತಿರುಗಿ ಬೈದ, ಒಂದೂ ಬಿಡಲಿಲ್ಲ. ಪಕ್ಕದ ಗದ್ದೆಯಲ್ಲಿ ಹೆಂಗಸರು ಸಾಲು ಹಿಡಿದು ಹಾಡುತ್ತ ನಾಟಿ ಹಚ್ಚುತ್ತಿದ್ದರು. ಒಬ್ಬರೂ ತಲೆ ಎತ್ತಲಿಲ್ಲ. ಒಬ್ಬಾಕೆ ಮಾತ್ರ ಬಗ್ಗಿದಲ್ಲಿಂದಲೇ ಕೂಗಿದಳು:

“ಏ, ಇಬ್ರೂ ಬಾಯಿ ಮುಚ್ರಿ! ನಮ್ಮ ಹಾಡು ನಮಗ ಕೇಳವಲ್ದು.”

ಇಳಿದು ಸಲಿಕೆ ಹಿಡಿದೆ. ಅವನು ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಮುಗಿಯಿತು ಎಂದು ಬೆನ್ನು ನೆಟ್ಟಗೆ ಮಾಡಿದೆ. ಅವನು ಕಾಲಿನಿಂದ ಒಡ್ಡನ್ನು ಒತ್ತಿ ನೋಡಿ, ಸ್ವಲ್ಪ ಹೊತ್ತು ಬಿಟ್ಟು ಅಂದ:

“ಇನ್ನೊಂದು ಬುಟ್ಟಿ ಹಾಕು.”

ಹಾಕಿದೆ.